ಆರು ತಿಂಗಳಿಗೆಂದು ಪುಣೆಗೆ ಬಂದ ಬೆಳ್ಳೂರಿನ ಹುಡುಗ

ಮಗರಪಟ್ಟಾದಲ್ಲಿ ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೆ ಈಗ ಒಂದು ಹೊಸ ವೃತ್ತಿಯ ಹೆಸರು ಚಿರಪರಿಚಿತವಾಗಿದೆ. ಕಟ್ಟಡದ ಸೂಚನಾ ಫಲಕದಲ್ಲಿ, ಲಿಫ್ಟಿನ ಗೋಡೆಯಲ್ಲಿ, ಉದ್ಯಾನದ ಬಾಗಿಲಲ್ಲಿ 'ವೆಲ್‌ನೆಸ್ ಕೋಚ್' ಎಂಬುವರ ಚೀಟಿಗಳು ಕಾಣಸಿಗುತ್ತವೆ. ಚೀಟಿಯಲ್ಲಿ ಇರುವ ಕಥೆಯೂ ಹೆಚ್ಚುಕಡಿಮೆ ಒಂದೇ: ನಾನು ಕಾಯಿಲೆಯಿಂದಲೋ ಮನಸ್ಸಿನ ಬೇಗುದಿಯಿಂದಲೋ ನರಳಿದೆ, ಅದರಿಂದ ಪಾರಾದೆ, ಈಗ ನಿಮಗೆ ದಾರಿ ತೋರಿಸಬಲ್ಲೆ. ಇದನ್ನು ಓದಿ ನಗುವವರು ನಮ್ಮಲ್ಲಿ ಇದ್ದಾರೆ, ನಂಬಿ ಹಣ ಕಟ್ಟಿದವರೂ ಇದ್ದಾರೆ. ಈ ಹೆಸರು ಹಾಕಿಕೊಳ್ಳಲು ವೈದ್ಯರಿಗಿರುವಂತಹ ನೋಂದಣಿಯ ಕಟ್ಟುಪಾಡೇನೂ ಇಲ್ಲವಾದ್ದರಿಂದ ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಸಹಜವಾದದ್ದೇ. ಸ್ವತಃ ರೋಗಿಯಾಗಿದ್ದವನು ಆರೋಗ್ಯದ ಶಿಕ್ಷಕನಾಗಬಹುದೆ? ಆಗುವುದಾದರೆ ಹೇಗೆ ಆಗುತ್ತಾನೆ?

ಇದಕ್ಕೆ ಉತ್ತರ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮಗರಪಟ್ಟಾದಿಂದ ಹನ್ನೆರಡು ಹದಿಮೂರು ಕಿಲೋಮೀಟರು ದೂರದ ಮಾಡೆಲ್ ಕಾಲೊನಿಯಲ್ಲಿ ಅದರ ಇತಿಹಾಸವಿದೆ. ಅದು ಕನ್ನಡ ನಾಡಿನಿಂದ ಇಲ್ಲಿಗೆ ವಲಸೆ ಬಂದ ಒಬ್ಬ ಹುಡುಗನ ಇತಿಹಾಸ. ಪುಣೆಯ ಮರಾಠಿ ಮಿತ್ರರು 'ನಮ್ಮ ಪುಣೆಯ ಯೋಗಾಚಾರ್ಯರು' ಎಂದು ಹೇಳಿಕೊಳ್ಳುವ ಬಿ.ಕೆ.ಎಸ್. ಅಯ್ಯಂಗಾರರು ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರರೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? (ಬೆಳ್ಳೂರು ಎಂದೊಡನೆ ನಾಗಮಂಗಲದ ಕಡೆಯವರು ಹಿಗ್ಗುವುದು ಬೇಡ. ಇದು ಕೋಲಾರ ಜಿಲ್ಲೆಯ ಬೆಳ್ಳೂರು.) ಮನೆಯಲ್ಲಿ ಅಯ್ಯಂಗಾರರ ತಮಿಳು, ಊರಿನಲ್ಲಿ ಶಾಲೆಯಲ್ಲಿ ಕನ್ನಡ, ಹಳೆಯ ಮೈಸೂರಿನ ಎಷ್ಟೋ ಮನೆಗಳಂತೆ ಅವರದೂ ಎರಡು ಮಾತಿನ ಮನೆ.

ಅವರು ಹುಟ್ಟಿದ್ದು 1918ರ ಡಿಸೆಂಬರ್ 14ರಂದು. ಆ ವರ್ಷವನ್ನು ನೆನೆದರೆ ಈಗಲೂ ಮೈ ನಡುಗಬೇಕು. ಮೊದಲ ಮಹಾಯುದ್ಧದ ಕೊನೆಯಲ್ಲಿ ಮುಂಬಯಿ ಬಂದರಿನ ಮೂಲಕ ಒಳಹೊಕ್ಕ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಅದರ ಹಾವಳಿ ಅತ್ಯಂತ ಭೀಕರವಾಗಿತ್ತು. ಬಸುರಿ ಶೇಷಮ್ಮನವರಿಗೂ ಅದೇ ಜ್ವರ ತಗುಲಿತು. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಮಗು ಹುಟ್ಟುತ್ತಲೇ ನಿತ್ರಾಣ. ಹದಿಮೂರು ಮಕ್ಕಳಲ್ಲಿ ಇದು ಹನ್ನೊಂದನೆಯದು. ತಂದೆ ಕೃಷ್ಣಮಾಚಾರ್ಯರು ಶಾಲಾ ಉಪಾಧ್ಯಾಯರು, ಆದ್ದರಿಂದ ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಹುಡುಗನಿಗೆ ಐದು ವರ್ಷವಾದಾಗ ಸಂಸಾರ ಬೆಂಗಳೂರಿಗೆ ಬಂತು, ಒಂಬತ್ತಾದಾಗ ತಂದೆ ತೀರಿಕೊಂಡರು. ಮುಂದೆ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಬೆನ್ನಿಗೆ ಒಂದು ಬಂದವು. ಕ್ಷಯಕ್ಕೆ ಔಷಧಿಯೆಂಬುದೇ ಇಲ್ಲದ ಕಾಲ ಅದು. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಕಡ್ಡಿಯಂಥ ಕೈಕಾಲು, ಮುಂದೆ ಬಂದ ಹೊಟ್ಟೆ, ಕತ್ತಿನ ಮೇಲೆ ನಿಲ್ಲದ ತಲೆ ಎಂದು ಅಯ್ಯಂಗಾರರೇ ಮುಂದೆ ತಮ್ಮ ಬಾಲ್ಯದ ರೂಪವನ್ನು ಬಣ್ಣಿಸುತ್ತಿದ್ದರು.

1934ರಲ್ಲಿ ಒಂದು ತಿರುವು ಬಂತು. ಅಕ್ಕ ನಮಗಿರಿಯಮ್ಮನವರ ಪತಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಮಹಾರಾಜರ ಅಪ್ಪಣೆಯಂತೆ ಅವರು ಲೋನಾವಳಕ್ಕೆ ಹೊರಟರು. ಸ್ವಾಮಿ ಕುವಲಯಾನಂದರು 1924ರಲ್ಲಿ ಸ್ಥಾಪಿಸಿದ ಕೈವಲ್ಯಧಾಮವಿರುವುದು ಅಲ್ಲಿ, ನಾವು ಮುಂಬಯಿಗೆ ಹೋಗುವಾಗ ಚಿಕ್ಕಿ ಕೊಳ್ಳಲು ಇಳಿಯುವ ಅದೇ ಊರು! ದಾರಿಯಲ್ಲಿ ಬೆಂಗಳೂರಿಗೆ ಬಂದ ಭಾವನವರು, ತಾವು ಊರಿನಲ್ಲಿಲ್ಲದಾಗ ಅಕ್ಕನಿಗೆ ಜೊತೆಯಾಗಿರಲೆಂದು ಹುಡುಗನನ್ನು ಮೈಸೂರಿಗೆ ಕಳಿಸಿದರು. ಯೋಗ ಕಲಿಸಬೇಕೆಂದು ಕರೆದದ್ದಲ್ಲ, ಮನೆಗೆ ಒಂದು ಗಂಡು ದಿಕ್ಕು ಇರಲಿ ಎಂದು ಕರೆದದ್ದು.

ಇಲ್ಲಿಂದ ಮುಂದಿನ ಭಾಗವನ್ನು ಭಕ್ತಿಯಿಂದ ಬರೆಯುವವರು ಬಹು ಬೇಗ ದಾಟಿಬಿಡುತ್ತಾರೆ: ಗುರು ಸಿಕ್ಕಿದರು, ಯೋಗ ಒಲಿಯಿತು, ರೋಗ ಓಡಿತು! ನಡೆದದ್ದು ಹಾಗಲ್ಲ. ಈ ಮೈಯಿಂದ ಏನೂ ಆಗದೆಂದು ಭಾವನವರು ಮೊದಲು ಅವನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವರ ಮನೆಯಲ್ಲಿದ್ದ ಮೆಚ್ಚಿನ ಶಿಷ್ಯ ಕೇಶವಮೂರ್ತಿ ಹಠಾತ್ತಾಗಿ ಬಿಟ್ಟುಹೋದದ್ದರಿಂದ, ಪ್ರದರ್ಶನವೊಂದಕ್ಕೆ ಬೇರೆ ಯಾರೂ ಇಲ್ಲವಾಗಿ, ಈ ಹುಡುಗನ ಸರದಿ ಬಂತು. ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಕಠಿಣ ಆಸನಗಳನ್ನು ಕೆಲವೇ ದಿನಗಳಲ್ಲಿ ಮಾಡಿಸಲಾಯಿತು. ಗುರುಗಳು ತಮಗೆ ಎದುರಿಗೆ ಕೂರಿಸಿ ಪಾಠ ಹೇಳಿದ್ದು ಒಟ್ಟಾರೆ ಹತ್ತು ಹದಿನೈದು ದಿನಗಳಷ್ಟೇ ಎಂದು ಅಯ್ಯಂಗಾರರು ಹೇಳುತ್ತಿದ್ದರು. ಒಂದು ಪ್ರದರ್ಶನದಲ್ಲಿ ಎರಡು ಕಾಲುಗಳನ್ನೂ ನೆಲಕ್ಕೆ ಚಾಚುವ ಹನುಮಾನಾಸನ ಮಾಡೆಂದು ಆಜ್ಞೆಯಾಯಿತು. ಎಂದೂ ಕಲಿಯದ ಆಸನ. ಬಿಗಿಯಾದ ಚಡ್ಡಿಯ ನೆಪ ಹೇಳಿದರೆ ಕತ್ತರಿ ತರಿಸಿ ಅದನ್ನೇ ಕತ್ತರಿಸಲಾಯಿತು. ಆಸನವಾಯಿತು, ತೊಡೆಯ ಹಿಂಭಾಗದ ಸ್ನಾಯು ಹರಿಯಿತು, ಆ ನೋವು ಬಹುಕಾಲ ಉಳಿಯಿತು. ಈ ನಡುವೆ ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಕೈಕೊಟ್ಟಿತು.

ಗುರುಗಳ ಈ ಕಾಠಿಣ್ಯವನ್ನು 'ಪರೀಕ್ಷೆ' ಎಂದು ಸಮರ್ಥಿಸಬೇಕಾದ ಅಗತ್ಯ ನಮಗಿಲ್ಲ. ಅಯ್ಯಂಗಾರರೂ ಪೂರ್ತಿಯಾಗಿ ಸಮರ್ಥಿಸಲಿಲ್ಲ. ಗುರುವನ್ನು ಕೊನೆಯವರೆಗೂ ಗೌರವಿಸಿದರು, ಆದರೆ ಪಟ್ಟ ಪಾಡನ್ನು ಮುಚ್ಚಿಡಲಿಲ್ಲ. ಒಂದು ಮಾತನ್ನು ಮಾತ್ರ ಗಮನಿಸಬೇಕು. ಕೃಷ್ಣಮಾಚಾರ್ಯರು ಮಾಡು ಎನ್ನುತ್ತಿದ್ದರು, ಹೇಗೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಮೈ ಮಣಿಯುವ ಶಿಷ್ಯನಿಗೆ ಅಷ್ಟೇ ಸಾಕು. ಮಣಿಯದ ಮೈಯವನು ಪ್ರತಿಯೊಂದು ಕೀಲನ್ನೂ ತಾನೇ ವಿಚಾರಿಸಿಕೊಳ್ಳಬೇಕು: ಪಾದ ಎತ್ತ ತಿರುಗಿದರೆ ಮಂಡಿ ನೋಯುವುದಿಲ್ಲ, ಭುಜ ಎಲ್ಲಿದ್ದರೆ ಎದೆ ತೆರೆಯುತ್ತದೆ? ಈ ವಿಚಾರಣೆಯೇ ಮುಂದೆ ಅವರ ಪಾಠವಾಯಿತು ಎಂಬುದು ನಮ್ಮ ಎಣಿಕೆ. ಯೋಗದಿಂದ ಕ್ಷಯ ವಾಸಿಯಾಗುತ್ತದೆ ಎಂದು ಸಾರುವುದು ಈ ಲೇಖನದ ಉದ್ದೇಶವಲ್ಲ. ಕ್ಷಯಕ್ಕೆ ಇಂದು ಔಷಧಿಯಿದೆ, ಅದನ್ನೇ ತೆಗೆದುಕೊಳ್ಳಬೇಕು.

ಗುರುಶಿಷ್ಯರ ತಂಡ 1936ರಲ್ಲಿ ಉತ್ತರ ಕರ್ನಾಟಕದ ಪ್ರವಾಸಕ್ಕೆ ಹೊರಟಿತು. ಧಾರವಾಡದಲ್ಲಿ ಹೆಂಗಸರು ತಾವೂ ಕಲಿಯಬೇಕೆಂದು ಕೇಳಿದರು. ದೊಡ್ಡ ಗಂಡಸರು ಹೆಂಗಸರಿಗೆ ಕಲಿಸುವುದು ಆಗಿನ ಕಾಲಕ್ಕೆ ಸಲ್ಲದು. ಹಾಗಾಗಿ ತಂಡದಲ್ಲಿ ಎಲ್ಲರಿಗಿಂತ ಕಿರಿಯನಾದ ಈ ಹುಡುಗನನ್ನು ಕಳಿಸಿದರು. ಲೋಕವಿಖ್ಯಾತ ಯೋಗಶಿಕ್ಷಕರ ಮೊದಲ ತರಗತಿ ನಡೆದದ್ದು ಹೀಗೆ, ಧಾರವಾಡದ ತಾಯಂದಿರ ಮುಂದೆ. ಧಾರವಾಡದ ಕಡೆಯ ನಮ್ಮ ಓದುಗರು ಇದನ್ನು ಎದೆ ತಟ್ಟಿ ಹೇಳಿಕೊಳ್ಳಬಹುದು.

ಬೆಳಗಾವಿಯಲ್ಲಿ ಆ ಪ್ರದರ್ಶನ ನೋಡಿದವರಲ್ಲಿ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರೂ ಒಬ್ಬರು. ನಿವೃತ್ತರಾಗಿ ಪುಣೆಗೆ ಬಂದ ಅವರು ಇಲ್ಲಿಯ ಡೆಕ್ಕನ್ ಜಿಮಖಾನಾದಲ್ಲಿ ಯೋಗ ಕಲಿಸಲು ಒಬ್ಬ ಶಿಕ್ಷಕನನ್ನು ಕಳಿಸಿಕೊಡಿ ಎಂದು ಕೃಷ್ಣಮಾಚಾರ್ಯರಿಗೆ ಬರೆದರು. ಅವಧಿ ಆರು ತಿಂಗಳು. ಮನೆಯ ಹಿರಿಯ ಶಿಷ್ಯರು ಒಪ್ಪಲಿಲ್ಲ. ಸುಂದರರಾಜನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ, ಅವನೇ ಹೋಗಲಿ ಎಂದಾಯಿತು. ಅದೇ ಇಂಗ್ಲಿಷಿನಲ್ಲಿ ನಪಾಸಾದ ಹುಡುಗನನ್ನು ಆ ಇಂಗ್ಲಿಷಿಗಾಗಿಯೇ ಆರಿಸಿದರೆಂಬುದು ವಿಧಿಯ ತಮಾಷೆಯಲ್ಲದೆ ಮತ್ತೇನು! 1937ರಲ್ಲಿ, ಹದಿನೆಂಟರ ಹರೆಯದಲ್ಲಿ ಅವರು ಪುಣೆಯಲ್ಲಿ ಇಳಿದರು.

ಆಗಿನ ಪುಣೆಯನ್ನು ನಾವು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಈಗ ನಾವಿರುವ ಮಗರಪಟ್ಟಾ ಆಗ ಹಡಪಸರದ ಹೊಲ. ಮುಠಾ ಕಾಲುವೆಯ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದ ರೈತರ ಮನೆತನಗಳು ನೂರಕ್ಕೂ ಮಿಕ್ಕಿ ಒಂದುಗೂಡಿ, ಸುಮಾರು 400 ಎಕರೆ ನೆಲವನ್ನು ಸೇರಿಸಿ ಈ ಬಡಾವಣೆ ಕಟ್ಟಲು ಹೊರಟದ್ದು 2000ದ ಸುಮಾರಿಗೆ. ಪೇಟೆಯಲ್ಲಿ ತಾಲೀಮುಗಳು, ಅಖಾಡಾಗಳು ಇದ್ದವು. ಪಕ್ಕದ ಔಂಧ ಸಂಸ್ಥಾನದ ರಾಜರು ಸೂರ್ಯನಮಸ್ಕಾರವನ್ನು ಊರೂರಿಗೆ ಸಾರುತ್ತಿದ್ದರು. ಇಂತಹ ದೇಹಾಭ್ಯಾಸದ ಊರಿಗೆ ಬಂದ ಹುಡುಗನಿಗೆ ಮರಾಠಿ ಬಾರದು, ತಲೆಯ ಮೇಲೆ ಶಿಖೆ, ಮೈಯಲ್ಲಿ ಎಲುಬು. ಎದುರಿಗೆ ನಿಂತ ವಿದ್ಯಾರ್ಥಿಗಳು ವಯಸ್ಸಿನಲ್ಲಿ, ವಿದ್ಯೆಯಲ್ಲಿ, ಕಸುವಿನಲ್ಲಿ ಎಲ್ಲದರಲ್ಲೂ ಮೇಲು. ಕಾಲೇಜು ಹುಡುಗರು ಜುಟ್ಟು ನೋಡಿ ನಕ್ಕರು. ಮಾತು ಸಾಲದಾದ್ದರಿಂದ ಮಾಡಿ ತೋರಿಸಬೇಕು, ಮಾಡಿ ತೋರಿಸಲು ತಪ್ಪಿಲ್ಲದೆ ಮಾಡಬೇಕು. ತಾವು ಕಲಿಸುವವರಿಗಿಂತ ಒಂದು ಹೆಜ್ಜೆ ಮುಂದಿರಲು ದಿನಕ್ಕೆ ಎಂಟು ಹತ್ತು ಗಂಟೆ ಅಭ್ಯಾಸ ಮಾಡಿದೆನೆಂದು ಅವರು ನೆನೆಯುತ್ತಿದ್ದರು. ಭಾಷೆಯಿಲ್ಲದ ಊರಿನಲ್ಲಿ ಕೆಲಸವೇ ಮಾತಾಡಬೇಕು ಎಂಬುದು ವಲಸೆ ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆರು ತಿಂಗಳೆಂದದ್ದು ಬೆಳೆದು ಮೂರು ವರ್ಷವಾಯಿತು. 1940ರಲ್ಲಿ ಜಿಮಖಾನಾದ ಕೆಲಸ ಮುಗಿಯಿತು. ಮೈಸೂರಿಗೆ ಹಿಂತಿರುಗಿದರೆ ಮತ್ತೆ ಭಾವನವರ ನೆರಳು. ಆದ್ದರಿಂದ ಇಲ್ಲಿಯೇ ಉಳಿದರು. ಸೈಕಲ್ಲಿನ ಮೇಲೆ ಮನೆಮನೆಗೆ ಹೋಗಿ ಪಾಠ ಹೇಳಿದರು. ಎರಡು ಮೂರು ದಿನಕ್ಕೊಮ್ಮೆ ಅನ್ನ ಕಂಡು, ಉಳಿದಂತೆ ನಲ್ಲಿಯ ನೀರಿನಲ್ಲಿ ಹೊಟ್ಟೆ ತುಂಬಿಸಿಕೊಂಡ ದಿನಗಳು ಉಂಟು. ಯೋಗ ಕಲಿಸಿ ಹೊಟ್ಟೆ ಹೊರೆಯುತ್ತೇನೆಂದರೆ ತಲೆ ಕೆಟ್ಟವನೆಂದು ಜನ ಬಗೆಯುತ್ತಿದ್ದ ಕಾಲ. ಆದರೂ ಬರುತ್ತಿದ್ದವರು ಯಾರು? ಹೆಚ್ಚಾಗಿ ಕಾಯಿಲೆಯವರು, ಬೆನ್ನು ಹಿಡಿದವರು, ಡಾಕ್ಟರು ಕೈಬಿಟ್ಟವರು. ಗಟ್ಟಿಮುಟ್ಟಾದವರಿಗೆ ಅಖಾಡಾ ಇತ್ತಲ್ಲ!

1943ರಲ್ಲಿ ರಮಾಮಣಿಯವರೊಡನೆ ಮದುವೆಯಾಯಿತು. ಸಂಸಾರ ಹೂಡುವಷ್ಟು ದುಡ್ಡಿಲ್ಲದ ದಿನಗಳಲ್ಲಿ ಆಕೆ ಈ ಪರಭಾಷೆಯ ಊರಿಗೆ ಬಂದರು. ಯೋಗವೆಂದರೇನೆಂದು ಆಕೆಗೆ ಗೊತ್ತಿರಲಿಲ್ಲ. ಗಂಡನಿಂದಲೇ ಕಲಿತು, ಗಂಡನ ಅಭ್ಯಾಸದಲ್ಲಿ ಎಲ್ಲಿ ಡೊಂಕಿದೆ ಎಂದು ನೋಡಿ ತಿದ್ದುವ, ಕೈ ಕೊಟ್ಟು ಆಸರೆಯಾಗುವ ಕೆಲಸ ವಹಿಸಿಕೊಂಡರು. ಕನ್ನಡಿಯಿಲ್ಲದ ಮನೆಯಲ್ಲಿ ಹೆಂಡತಿಯೇ ಕನ್ನಡಿ. ಆರು ಮಕ್ಕಳ ತಾಯಿಯಾಗಿ, ಮನೆಗೆ ಬಂದ ಶಿಷ್ಯರಿಗೆಲ್ಲ ಅಮ್ಮನಾಗಿ ದುಡಿದ ಈಕೆಯ ಪಾಲನ್ನು ಅಯ್ಯಂಗಾರರ ಚರಿತ್ರೆ ಬರೆದವರು ಇನ್ನೂ ವಿಸ್ತಾರವಾಗಿ ಬರೆಯಬೇಕಿತ್ತು.

ಮುಂದಿನ ಕೀರ್ತಿಯ ಕಥೆ ಬಹಳ ಮಂದಿಗೆ ಗೊತ್ತು, ಅದನ್ನು ಬೇಗ ಹೇಳಿ ಮುಗಿಸುತ್ತೇವೆ. 1952ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅವರು ನಿದ್ರೆಯಿಲ್ಲದೆ, ಮೈಕೈ ನೋವಿನಿಂದ ಬಳಲಿದ್ದರು. ಐದೇ ನಿಮಿಷ ಎಂದು ಹೇಳಿ ಒಳಗೆ ಬಿಟ್ಟುಕೊಂಡರು. ಅಯ್ಯಂಗಾರರು ಅವರನ್ನು ಶವಾಸನದಲ್ಲಿ ಮಲಗಿಸಿದರೆ ನಿದ್ರೆಯೇ ಹತ್ತಿತು; ಐದು ನಿಮಿಷ ಮೂರು ಗಂಟೆಗೂ ಮಿಕ್ಕಿತು. 1954ರಲ್ಲಿ ಮೆನುಹಿನ್ ಅವರು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ಅಲ್ಲಿಂದ ಲಂಡನ್, ಪ್ಯಾರಿಸ್, 1956ರಲ್ಲಿ ಅಮೆರಿಕ. ಎಂಬತ್ತು ದಾಟಿದ ಬೆಲ್ಜಿಯಮ್ಮಿನ ರಾಜಮಾತೆ ಎಲಿಸಬೆತ್ ಅವರಿಗೆ 1958ರಲ್ಲಿ ಶೀರ್ಷಾಸನ ಮಾಡಿಸಿದರು. 1960ರ ದಶಕದ ಕೊನೆಯ ಹೊತ್ತಿಗೆ ಲಂಡನ್ ನಗರದ ವಯಸ್ಕರ ಶಿಕ್ಷಣ ತರಗತಿಗಳಲ್ಲಿ ಅವರ ಪದ್ಧತಿಗೆ ಮನ್ನಣೆ ಸಿಕ್ಕಿತು. ಇಷ್ಟಾದರೂ ಮನೆ ಪುಣೆಯಲ್ಲೇ. ವಾರದ ಕೊನೆಯಲ್ಲಿ ಮುಂಬಯಿಗೆ ಹೋಗಿ ಪಾಠ ಹೇಳಿ ಬರುವ ಕ್ರಮವನ್ನೂ ವರ್ಷಗಟ್ಟಲೆ ನಡೆಸಿದರು. ಪುಣೆ ಮುಂಬಯಿ ನಡುವೆ ರೈಲಿನಲ್ಲಿ ಜೀವ ಸವೆಸುವ ನಮ್ಮ ಬಂಧುಗಳಿಗೆ ಆ ಶ್ರಮದ ಅರಿವಿದೆ.

1966ರಲ್ಲಿ ಲಂಡನ್ನಿನಲ್ಲಿ 'ಲೈಟ್ ಆನ್ ಯೋಗ' ಹೊರಬಂತು. ಮೆನುಹಿನ್ ಅವರ ಮುನ್ನುಡಿ, 200 ಆಸನಗಳು, ಸುಮಾರು 600 ಚಿತ್ರಗಳು. ಚಿತ್ರಗಳಲ್ಲಿರುವುದು ಅದೇ ಹಳೆಯ ಕಡ್ಡಿಯಂಥ ಮೈ. ಅದು ಈ ರೂಪಕ್ಕೆ ಬರಲು ಮೂವತ್ತು ವರ್ಷ ಹಿಡಿಯಿತು. ಈ ಪುಸ್ತಕದ ಕೊನೆಯಲ್ಲೊಂದು ಅನುಬಂಧವಿದೆ, ಅದನ್ನು ಚೀಟಿ ಹಂಚುವ ನಮ್ಮ ಮಿತ್ರರು ಓದಬೇಕು. ಆಸನಗಳನ್ನು ಕ್ರಮವಾಗಿ ಕಲಿಯಲು ಅಲ್ಲಿ ಹಾಕಿಕೊಟ್ಟಿರುವ ಪಾಠಪಟ್ಟಿ 300 ವಾರಗಳದು. ಎಂದರೆ ಆರು ವರ್ಷಕ್ಕೆ ಸ್ವಲ್ಪ ಕಡಿಮೆ. ಅದೂ ತಪ್ಪದೆ ಮಾಡಿದವರಿಗೆ. ಮೂರು ವಾರದ ಶಿಬಿರ ಮುಗಿಸಿ ಪ್ರಮಾಣಪತ್ರ ಗೋಡೆಗೆ ತೂಗುಹಾಕುವ ಕಾಲದಲ್ಲಿ ಈ ಲೆಕ್ಕ ವಿಚಿತ್ರವಾಗಿ ಕಾಣಬಹುದು.

ಮಾಡೆಲ್ ಕಾಲೊನಿಯಲ್ಲಿ ಸ್ವಂತ ನಿವೇಶನ ಕೊಂಡು 1973ರ ಜನವರಿಯಲ್ಲಿ ಭೂಮಿಪೂಜೆ ಮಾಡಿದರು. ಪೂಜೆ ನಡೆದ ಕೆಲವೇ ದಿನಗಳಲ್ಲಿ, ಅದೇ ಜನವರಿ 28ರಂದು, ರಮಾಮಣಿಯವರು ತೀರಿಕೊಂಡರು. ಕಟ್ಟಡಕ್ಕೆ ಆಕೆಯ ಹೆಸರೇ ನಿಂತಿತು: ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ. 1975ರ ಜನವರಿ 19ರಂದು ಅದು ಆರಂಭವಾಯಿತು. ಶಿವಾಜಿನಗರದ ಕಡೆಯಿಂದ ಹರೇಕೃಷ್ಣ ಮಂದಿರ ರಸ್ತೆಗೆ ತಿರುಗಿದರೆ ಸಿಗುತ್ತದೆ. ಮೇಲಕ್ಕೆ ಹೋದಂತೆ ಕಿರಿದಾಗುವ ಕಟ್ಟಡ, ಅಷ್ಟಾಂಗ ಯೋಗದ ನೆನಪಿಗೆ ಎಂಟು ಕಂಬಗಳು.

ಒಳಗೆ ಹೋಗಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಸಾಮಾನು. ಗೋಡೆಗೆ ಇಳಿಬಿಟ್ಟ ಹಗ್ಗಗಳು, ಮರದ ಇಟ್ಟಿಗೆಗಳು, ಬೆನ್ನೊರಗು ತೆಗೆದ ಮಡಿಸುವ ಕುರ್ಚಿಗಳು, ಪಟ್ಟಿಗಳು, ದಿಂಬುಗಳು, ಕಂಬಳಿಗಳು. ಹಗ್ಗದ ಉಪಯೋಗ ಮೈಸೂರಿನ ಯೋಗಶಾಲೆಯಲ್ಲೂ ಇತ್ತು. ಉಳಿದದ್ದರಲ್ಲಿ ಬಹುಪಾಲು ಪುಣೆಯಲ್ಲಿ ರೋಗಿಗಳೊಡನೆ ಹೆಣಗುತ್ತ ಹುಟ್ಟಿದ್ದು. ಕೈ ನೆಲಕ್ಕೆ ಮುಟ್ಟದಿದ್ದರೆ ಕೈಕೆಳಗೆ ಇಟ್ಟಿಗೆ ಇಡು. ಬೆನ್ನು ಬಗ್ಗದಿದ್ದರೆ ಕುರ್ಚಿಯ ಮೇಲೆ ಮಲಗು. ಮೈಯನ್ನು ಆಸನಕ್ಕೆ ಎಳೆಯುವ ಬದಲು ಆಸನವನ್ನೇ ಮೈಯ ಬಳಿಗೆ ತರುವ ಈ ಉಪಾಯ, ಹನುಮಾನಾಸನದಲ್ಲಿ ಕಾಲು ಹರಿದುಕೊಂಡ ಹುಡುಗನಿಗಲ್ಲದೆ ಬೇರೆ ಯಾರಿಗೆ ಹೊಳೆದೀತು ಎಂದು ನಮಗೆ ಅನಿಸುತ್ತದೆ. ಹಾಗೆಂದು ಅವರು ಮೃದು ಸ್ವಭಾವದ ಮೇಷ್ಟರೇನಲ್ಲ. ತರಗತಿಯಲ್ಲಿ ಗುಡುಗುತ್ತಿದ್ದರು, ಬೆನ್ನಿಗೆ ಏಟೂ ಬೀಳುತ್ತಿತ್ತು. ಬಿ.ಕೆ.ಎಸ್. ಎಂದರೆ 'ಗುದ್ದು, ಒದೆ, ಏಟು' ಎಂದು ವಿದೇಶೀ ಶಿಷ್ಯರು ತಮ್ಮ ಭಾಷೆಯಲ್ಲಿ ತಮಾಷೆ ಕಟ್ಟಿದ್ದರು. ಭಾವನವರಿಂದ ತಾವು ಪಡೆದದ್ದರಲ್ಲಿ ಇದೊಂದನ್ನು ಅವರು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದರೆ ಅವರ ಅಭಿಮಾನಿಗಳು ನಮ್ಮ ಮೇಲೆ ಕೋಪಿಸಿಕೊಳ್ಳಬಾರದು.

1979ರಲ್ಲಿ ಮತ್ತೊಂದು ಆಘಾತ. ಅರವತ್ತು ದಾಟಿದ್ದರು, ಲೋಕವೆಲ್ಲ ಗುರುವೆಂದು ಒಪ್ಪಿತ್ತು. ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜ, ಮಂಡಿಗಳಿಗೆ ಪೆಟ್ಟು ಬಿತ್ತು. ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಅಪಘಾತ. ನಾಲ್ಕು ದಶಕಗಳಿಗೂ ಮಿಕ್ಕಿದ ಸಾಧನೆ ಕೈಜಾರಿ, ಸರಳ ಆಸನಗಳೂ ಕಷ್ಟವಾದವು. ಆಗ ತಾವು ಇತರರಿಗೆಂದು ಮಾಡಿಸಿಟ್ಟಿದ್ದ ಕುರ್ಚಿ, ಇಟ್ಟಿಗೆ, ಹಗ್ಗಗಳನ್ನು ಹಿಡಿದು ಹರಿಕಾರನಂತೆ ಮೊದಲಿನಿಂದ ಆರಂಭಿಸಿದರು. ಹಿಂದಿನ ಸ್ಥಿತಿಯ ಹತ್ತಿರ ಬರಲು ವರ್ಷಗಳೇ ಹಿಡಿದವು. 'ನಾನು ಪಾರಾದೆ' ಎಂದು ಒಮ್ಮೆ ಹೇಳಿ ಮುಗಿಸುವ ಕಥೆಯಲ್ಲ ಇದು. ಅವರು ಒಂದೇ ಬಾರಿಗೆ ಪಾರಾದವರಲ್ಲ. ಮತ್ತೆ ಮತ್ತೆ ಬಿದ್ದು, ಪ್ರತಿ ಬಾರಿಯೂ ಬಿದ್ದ ಜಾಗವನ್ನು ಗುರುತು ಹಾಕಿಕೊಂಡವರು. ನಮ್ಮ ಓಣಿಯ ಕೋಚ್ ಒಬ್ಬರ ಬಳಿ ಹೋಗುವ ಮುನ್ನ ನಾವು ಕೇಳಬೇಕಾದದ್ದು ಅವರು ಎಷ್ಟು ಬೇಗ ವಾಸಿಯಾದರು ಎಂದಲ್ಲ. ಕಾಯಿಲೆಯಿಂದ ಏನನ್ನು ಕಲಿತರು, ಎಷ್ಟು ವರ್ಷ ಕಲಿತರು, ವೈದ್ಯರ ಬಳಿ ಹೋಗೆಂದು ಹೇಳಬೇಕಾದಾಗ ಹೇಳುತ್ತಾರೆಯೆ ಎಂಬುದನ್ನು.

ಬೆಳ್ಳೂರನ್ನು ಅವರು ಮರೆಯಲಿಲ್ಲ. ಅಲ್ಲಿ ಶಾಲೆ ಕಟ್ಟಿಸಿದರು. 2003ರಲ್ಲಿ ತಂದೆತಾಯಿಗಳ ಹೆಸರಿನಲ್ಲಿ ಸ್ಥಾಪಿಸಿದ ನಿಧಿಯ ಮೂಲಕ ಆಸ್ಪತ್ರೆಯೂ ಆಯಿತು, ಪತಂಜಲಿಗೆ ಗುಡಿಯೂ ಆಯಿತು. ಪದ್ಮಶ್ರೀ 1991ರಲ್ಲಿ, ಪದ್ಮಭೂಷಣ 2002ರಲ್ಲಿ, ಪದ್ಮವಿಭೂಷಣ 2014ರಲ್ಲಿ ಬಂದವು. 2014ರ ಆಗಸ್ಟ್ 20ರಂದು ತಮ್ಮ 95ನೆಯ ವಯಸ್ಸಿನಲ್ಲಿ ಪುಣೆಯಲ್ಲಿಯೇ ತೀರಿಕೊಂಡರು. ಆರು ತಿಂಗಳ ಪ್ರಾಜೆಕ್ಟಿಗೆಂದು ಬಂದು ಇಲ್ಲಿಯೇ ಬೇರೂರಿದ ನಮ್ಮವರಲ್ಲಿ ಯಾರೂ ಇನ್ನೂ ಅವರ 77 ವರ್ಷಗಳ ದಾಖಲೆಯನ್ನು ಮುರಿದಿಲ್ಲ.

ಅವರ ಹಿರಿಯ ಮಗಳು ಗೀತಾ ಅವರ ವಿಷಯ ಹೇಳದೆ ಇದು ಪೂರ್ತಿಯಾಗದು. 1944ರಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲಿ ಮೂತ್ರಪಿಂಡದ ಉರಿಯೂತವಾಯಿತು. ಔಷಧಿಗೆ ಹಣವಿಲ್ಲ. ಔಷಧಿ ಬಿಡು, ಯೋಗ ಮಾಡು ಎಂದು ತಂದೆ ಕಟ್ಟಪ್ಪಣೆ ಮಾಡಿದರು. ಇಂದಿನ ತಂದೆತಾಯಿಗಳು ಹಾಗೆ ಮಾಡಲಾಗದು, ಮಾಡಲೂ ಬಾರದು. ಆ ಮನೆಯ ಆಗಿನ ಸ್ಥಿತಿ ಹಾಗಿತ್ತು. ಮಗು ಉಳಿಯಿತು, ಬೆಳೆಯಿತು, ತಂದೆಯ ಪಾಠವನ್ನು ಹೆಂಗಸರ ಮೈಗೆ ಹೊಂದುವಂತೆ, ಮುಟ್ಟು, ಬಸಿರು, ಬಾಣಂತನ, ಮುಪ್ಪುಗಳಿಗೆ ತಕ್ಕಂತೆ ಬೇರೆಯಾಗಿ ರೂಪಿಸಿತು. 'ಯೋಗ: ಎ ಜೆಮ್ ಫಾರ್ ವಿಮೆನ್' ಎಂಬ ಆಕೆಯ ಪುಸ್ತಕ 1983ರಲ್ಲಿ ಬಂತು. ತಂದೆ ಹಿಂದೆ ಸರಿದ ಮೇಲೆ ತಮ್ಮ ಪ್ರಶಾಂತರೊಡನೆ ಸಂಸ್ಥೆಯ ಪಾಠದ ಹೊಣೆಯನ್ನೆಲ್ಲ ಹೊತ್ತವರು ಆಕೆಯೇ. 2018ರ ಡಿಸೆಂಬರಿನಲ್ಲಿ ಅಯ್ಯಂಗಾರರ ಜನ್ಮಶತಾಬ್ದಿಗೆಂದು ದೇಶವಿದೇಶಗಳಿಂದ ಶಿಷ್ಯರು ಪುಣೆಯಲ್ಲಿ ನೆರೆದಿದ್ದರು. ಗೀತಾ ಅವರು ಆರೋಗ್ಯ ಕುಂದಿದ್ದರೂ ಎದುರು ಕುಳಿತು ಪಾಠ ಹೇಳಿದರು. ಶತಾಬ್ದಿ 14ರಂದು ನಡೆಯಿತು. 16ರಂದು ಆಕೆ ತೀರಿಕೊಂಡರು.